ಕಾಲರಿನ ತುದಿಯ ಹೊಲಿಗೆ

ಎಡಗಡೆಯ ತುದಿ, ಕೊನೆಯ ಹೊಲಿಗೆ ಎಳ್ಳಷ್ಟು ಒಳಕ್ಕೆ ವಾಲಿದೆ, ಅಯ್ಯೋ, ಇದು ನನ್ನ ಹೊಲಿಗೆಯಲ್ಲವೇ — ಕಾಫಿ ಲೋಟ ಕೊಡಲು ಬಗ್ಗಿದಾಗ ಕಣ್ಣಿಗೆ ಬಿತ್ತು, ಭಾವನ ಕೊರಳಲ್ಲಿ, ಹೊಸ ಅಂಗಿ, ತೆಳು ಹಸಿರು ಗೆರೆ, ಆದರೆ ಈ ಬಟ್ಟೆ ನಮ್ಮ ಕಾರ್ಖಾನೆಗೆ ಬಂದೇ ಇಲ್ಲ, ಮೂರು ತಿಂಗಳಿಂದ ನನ್ನ ಮಿಷನ್ನಿಗೆ ಯಾವ ಬಟ್ಟೆಯೂ ಬಂದಿಲ್ಲ, ಆರ್ಡರೇ ಇಲ್ಲಮ್ಮ, ನಾನೇನು ಮಾಡ್ಲಿ, ಈಗಲೂ ಅದನ್ನೇ ಹೇಳುತ್ತಿದ್ದಾರೆ, ಅಕ್ಕನ ಗಂಡ, ನಮ್ಮ ಸೂಪರ್‌ವೈಸರ್, ಲೋಟ ಬದಿಗಿಟ್ಟು ಕಾಗದ ಸರಿಸುತ್ತಿದ್ದಾರೆ, ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ ಎಂದು ಟೈಪ್ ಮಾಡಿಸಿ ತಂದ ಕಾಗದ, ನೀನು ಮೊದಲು ಸೈನ್ ಹಾಕು, ನೀನು ಹಾಕಿದ್ರೆ ಉಳಿದ ಅರವತ್ತು ಜನಾನೂ ಹಾಕ್ತಾರೆ, ನಿನ್ನ ಮಾತು ಅವರಿಗೆ ವೇದವಾಕ್ಯ. ವೇದವಾಕ್ಯವಂತೆ. ಹಾಕದಿದ್ದರೆ ಅವರೇ ನಮ್ಮನ್ನು ತೆಗೆಯಬೇಕು, ಹತ್ತೊಂಬತ್ತು ವರ್ಷದ ದುಡಿಮೆಗೆ ಪರಿಹಾರ ಕೊಡಬೇಕು, ಹಾಕಿದರೋ, ನಾವೇ ಬಿಟ್ಟು ಹೋದವರು, ಅವರು ಕೈ ತೊಳೆದುಕೊಂಡ ಹಾಗೆ.

ಆ ಹುಡುಗಿ. ಹೋದ ವರ್ಷ ಬೇರೆ ದೇಶದ ಕಾರ್ಖಾನೆಯಿಂದ ಬಂದ ಆರು ಜನರಲ್ಲಿ ಒಬ್ಬಳು, ಅತಿಥಿಗಳಮ್ಮ, ಹದಿನೈದು ದಿನ ಕೆಲಸ ನೋಡ್ಕೊಂಡು ಹೋಗ್ತಾರೆ, ಚೆನ್ನಾಗಿ ಹೇಳ್ಕೊಡು, ನಮ್ಮ ಮಾನದ ಪ್ರಶ್ನೆ, ಅಂದದ್ದೂ ಇದೇ ಬಾಯಿ. ಹೇಳಿಕೊಟ್ಟೆನಲ್ಲ, ಮುಚ್ಚುಮರೆ ಇಲ್ಲದೆ, ಭಾಷೆ ಬಾರದು, ಅವಳು ಕಲಿತದ್ದು ಅಕ್ಕಾ ಎಂಬ ಒಂದೇ ಮಾತು, ಮಿಕ್ಕದ್ದೆಲ್ಲ ನನ್ನ ಕೈ ನೋಡಿ. ಮಿಷನ್ನಿನ ಸೂಜಿ ಹೊಕ್ಕ ದಿನದಿಂದ ನನ್ನ ಎಡಗೈ ತೋರುಬೆರಳು ನೆಟ್ಟಗಾಗುವುದಿಲ್ಲ, ಕೊಕ್ಕೆಯ ಹಾಗೆ ಮಡಚಿಯೇ ಇರುತ್ತದೆ, ಹೊಲಿಗೆ ವಾಲುವುದೂ ಅದಕ್ಕೇ, ಇಡೀ ಕಾರ್ಖಾನೆಯಲ್ಲಿ ಬೇರೆ ಯಾರದೂ ಹಾಗೆ ವಾಲುವುದಿಲ್ಲ, ಅವಳೋ ತನ್ನ ಚೆಂದದ ಬೆರಳನ್ನು ಹಾಗೇ ಮಡಚಿಕೊಂಡು ಕೂತಳು, ಅದೂ ಕಲಿಯಬೇಕಾದದ್ದೇ ಎಂದುಕೊಂಡು, ಅದು ಪಾಠ ಅಲ್ಲ ಕಣೇ, ಪೆಟ್ಟು, ಅಂತ ನಾನು ನಕ್ಕೆ, ಸಾಲಿನವರೆಲ್ಲ ನಕ್ಕರು, ಅವಳೂ ನಕ್ಕು ಇನ್ನಷ್ಟು ಮಡಚಿದಳು. ನಮ್ಮ ಆರ್ಡರೆಲ್ಲ ಈಗ ಅವಳ ದೇಶಕ್ಕೆ ಹೋಗಿದೆ, ಆದರೂ ಅವಳ ಮೇಲೆ ಸಿಟ್ಟಿಲ್ಲ, ಪಾಪ, ಅವಳಿಗೂ ಹೊಟ್ಟೆಯಿದೆ, ಸಿಟ್ಟು ಇವರ ಮೇಲೆ, ನನ್ನ ಕೈಯಿಂದಲೇ ನನ್ನ ಅನ್ನ ಕಿತ್ತುಕೊಳ್ಳುವಂತೆ ಮಾಡಿ, ಅದೇ ಅಂಗಿ ತೊಟ್ಟು ನನ್ನ ಮನೆಯ ಕಾಫಿ ಕುಡಿಯಲು ಬಂದವರ ಮೇಲೆ, ಕೊಡಲಿ ಕಾವು ಕುಲಕ್ಕೆ ಮೃತ್ಯು ಅಂತ ಅಮ್ಮ ಸುಮ್ಮನೆ ಹೇಳುತ್ತಿದ್ದಳೇ, ಆದರೆ ಕಾವು ಯಾರು, ಇವರೋ, ಹೇಳಿಕೊಟ್ಟ ನಾನೋ, ಆ ಅರವತ್ತು ಜನಕ್ಕೆ ಏನು ಹೇಳಲಿ.

ಏನಮ್ಮಾ ಇಷ್ಟೊಂದು ಯೋಚ್ನೆ, ನಾನೇನು ಹೊರಗಿನವನಾ, ನಿಂಗೆ ಕೇಡು ಬಯಸ್ತೀನಾ — ಪೆನ್ನನ್ನು ಕೈಯಲ್ಲೇ ಇಟ್ಟರು. ಅಂಗಿ ಚೆನ್ನಾಗಿದೆ ಭಾವ, ಎಲ್ಲಿ ಹೊಲಿದದ್ದು, ಕೇಳಿದ್ದು ನಾನೇನಾ, ಇಷ್ಟು ತಣ್ಣಗೆ, ಅವರ ಕೈ ತಟ್ಟನೆ ಕಾಲರಿಗೆ ಹೋಯಿತು, ತುದಿಯನ್ನು ಮುಚ್ಚಿತು, ಮುಚ್ಚಿಕೊಂಡೇ ಇದೆ. ನಾನು ಸೈನ್ ಹಾಕಲ್ಲ ಭಾವ. ಪೆನ್ನು ಕಾಗದದ ಮೇಲಿಟ್ಟೆ, ಮುಂದೇನು, ಏನೂ ಹೊಳೆಯುತ್ತಿಲ್ಲ, ಅಲ್ಲೆಲ್ಲೋ ಮಿಷನ್ನಿನ ಮುಂದೆ ಆ ಹುಡುಗಿ, ಈಗಲೂ ಹೊಲಿಯುತ್ತಿರಬೇಕು, ಪೆಟ್ಟೇ ಬೀಳದ ಆ ಬೆರಳನ್ನು ಮಡಚಿಕೊಂಡು, ಮಡಚಿಕೊಂಡು —