ಮೆಟ್ಟಿಲಿಲ್ಲದ ಜಾಗ

"ಅಲ್ಲಿಗೂ ಬೇಡ, ಇಲ್ಲಿಗೂ ಬೇಡ. ಹಾಗಾದ್ರೆ ಕೊರಿಯಾದವರೆಗೆ ಹೋಗೋದ್ಯಾಕೆ? ಈ ಸೋಫಾ ಮೇಲೇ ನಾಲ್ಕು ದಿನ ಕೂತು ಎದ್ದುಬಿಡೋಣ," ಎಂದು ಮಗಳು ಅಪ್ಪನ ಮುಂದಿದ್ದ ಲ್ಯಾಪ್‌ಟಾಪನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

ಅಪ್ಪ ಕಣ್ಣುಜ್ಜಿಕೊಂಡ. ಬೆಳಗಿನಿಂದ ಒಂದು ಆಸ್ಪತ್ರೆಯ ಲಿಫ್ಟು ಬಾಗಿಲು ಮುಚ್ಚಿಕೊಳ್ಳದೆ ಅವನ ಜೀವ ಹಿಂಡಿತ್ತು. ಇನ್ನೇನು ಸರಿಹೋಯಿತು ಅನ್ನುವಷ್ಟರಲ್ಲಿ ಮತ್ತೆ ಮುನಿಸಿಕೊಂಡಿತ್ತು. ಮನೆಗೆ ಬಂದರೆ ಇಲ್ಲಿ ಇನ್ನಿಬ್ಬರು ಮುನಿಸಿಕೊಂಡು ಕೂತಿದ್ದರು.

"ನಾನೆಲ್ಲಿ ಎಲ್ಲಾ ಬೇಡ ಅಂದೆ? ಆ ಗುಡ್ಡದ ಕೇರಿ ಒಂದು ಬೇಡ ಅಂದೆ."

"ಕೋಟೆನೂ ಬೇಡ ಅಂದೆ. ಲೈಟ್‌ಹೌಸೂ ಬೇಡ ಅಂದೆ," ಎಂದ ಮಗ, ಫೋನಿನಿಂದ ಕಣ್ಣೆತ್ತದೆ.

"ಮೀನು ಮಾರ್ಕೆಟ್ಟು ಆಗ್ಬಹುದು ಅಂದ್ನಲ್ಲ."

"ವಿಮಾನ ಹತ್ತಿ ಹೋಗಿ ಮೀನಿನ ಮುಖ ನೋಡ್ಕೊಂಡು ಬರೋದಾ?"

ಕೊರಿಯಾದ ಆ ಕಡಲ ಊರು ಮಗಳ ಕನಸು. ಸ್ಕೂಲಿನಲ್ಲಿದ್ದಾಗಲೇ ಅಲ್ಲಿಯ ಲಿಪಿ ಕಲಿತು, ಫ್ರಿಜ್ಜಿನ ಮೇಲೆಲ್ಲ ಚೀಟಿ ಅಂಟಿಸಿ ಅಮ್ಮನಿಂದ ಬೈಸಿಕೊಂಡವಳು. ಈಗ ಓದು ಮುಗಿದು ಕೆಲಸಕ್ಕೆ ಸೇರುವವಳಿದ್ದಳು. ಮಗ ಬೇರೆ ಊರಿನ ಕಾಲೇಜಿಗೆ ಹೊರಟಿದ್ದ. ನಾಲ್ವರೂ ಒಟ್ಟಿಗೆ ಎಲ್ಲಿಗಾದರೂ ಹೋಗುವುದಿದ್ದರೆ ಈ ಸಲವೇ ಹೋಗಬೇಕು ಎಂದು ಹಟ ಹಿಡಿದವನು ಅಪ್ಪನೇ. ಆಗ ಅವನಿಗೆ ಆ ಊರು ಹೇಗಿದೆಯೆಂದು ಗೊತ್ತಿರಲಿಲ್ಲ. ಸಮುದ್ರ ಎಂದರೆ ಚಪ್ಪಟೆ ಜಾಗ ಇರಬೇಕು ಅಂದುಕೊಂಡಿದ್ದ. ಮಗಳು ಒಂದೊಂದೇ ಚಿತ್ರ ತೆಗೆದು ತೋರಿಸಿದಾಗ ನೋಡಿದರೆ ಎಲ್ಲ ಕಡೆಯೂ ಗುಡ್ಡ, ಗುಡ್ಡದ ತುಂಬ ಬಣ್ಣ ಬಳಿದ ಮನೆಗಳು, ಮನೆಗಳ ನಡುವೆ ಮೆಟ್ಟಿಲೋ ಮೆಟ್ಟಿಲು.

ಅವನ ಎಡಗಾಲಿನ ಮಂಡಿ ಕೈಕೊಟ್ಟು ವರ್ಷದ ಮೇಲಾಗಿತ್ತು. ಡಾಕ್ಟರು ಎಕ್ಸ್‌ರೇ ತೆಗೆಸಿ, ಬೆಳಕಿಗೆ ಹಿಡಿದು, ಮೆಟ್ಟಿಲು ಕಮ್ಮಿ ಮಾಡಿ ಅಂದಿದ್ದರು. ಊರವರ ಮನೆಗೆಲ್ಲ ಲಿಫ್ಟು ಕೂರಿಸುವವನು ವಾಸವಾಗಿದ್ದದ್ದು ಲಿಫ್ಟಿಲ್ಲದ ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ. ಹೇಗೆ ಕಮ್ಮಿ ಮಾಡುವುದು, ಕಿಟಕಿಯಿಂದ ಹಾರುವುದೇ?

ಈ ವಿಷಯ ಹೆಂಡತಿಗೊಬ್ಬಳಿಗೇ ಗೊತ್ತಿತ್ತು. ಮಕ್ಕಳಿಗೆ ಹೇಳಕೂಡದೆಂದು ಅವಳ ಬಾಯಿ ಕಟ್ಟಿಹಾಕಿದ್ದ. ಹೇಳಿದರೆ ಅವರೇನೂ ಆಡಿಕೊಳ್ಳುತ್ತಿರಲಿಲ್ಲ. ಅವನಿಗೆ ಭಯವಿದ್ದದ್ದು ಅದಕ್ಕಲ್ಲ. ಇಬ್ಬರನ್ನೂ ಒಂದೊಂದು ಹೆಗಲಿಗೆ ಕೂರಿಸಿಕೊಂಡು ಇದೇ ಮೂರು ಮಹಡಿ ಹತ್ತುತ್ತಿದ್ದವನು ಅವನು. ಗೊತ್ತಾದ ದಿನದಿಂದ ಅವರು ತನ್ನ ಜೊತೆ ಜಗಳ ಆಡುವುದನ್ನು ಬಿಡುತ್ತಾರೆ, ಮೆಲ್ಲಗೆ ಮಾತಾಡಲು ಶುರು ಮಾಡುತ್ತಾರೆ ಎಂಬುದಕ್ಕೆ ಹೆದರಿದ್ದ.

"ಹೇಳ್ಬಿಡಿ ಅತ್ಲಾಗೆ," ಎಂದಳು ಹೆಂಡತಿ ಆ ರಾತ್ರಿ, ಅವನ ಮಂಡಿಗೆ ಮುಲಾಮು ತಿಕ್ಕುತ್ತ. "ನೀವು ಖರ್ಚಿಗೆ ಹೆದರ್ತಿದೀರಿ ಅಂದ್ಕೊಂಡಿದಾಳೆ ಅವಳು."

"ಅಂದ್ಕೊಳ್ಳಲಿ ಬಿಡು. ಜಿಪುಣ ಅನ್ನಿಸ್ಕೊಂಡ್ರೂ ವಾಸಿ."

ಮರುದಿನ ಸಂಜೆ ಕೆಲಸ ಮುಗಿಸಿ ಬಂದವನು ಎರಡನೇ ಮಹಡಿಯ ತಿರುವಿನಲ್ಲಿ ಎಂದಿನಂತೆ ನಿಂತ. ನಿಲ್ಲುವುದಕ್ಕೆ ಅವನು ಒಂದು ಉಪಾಯ ಕಂಡುಕೊಂಡಿದ್ದ. ಉಪಕರಣದ ಚೀಲ ಕೆಳಗಿಟ್ಟು, ಫೋನನ್ನು ಕಿವಿಗೆ ಹಿಡಿದು, ಆ ಕಡೆ ಯಾರೂ ಇಲ್ಲದಿದ್ದರೂ ಮಾತಾಡುವುದು. ನೋಡಿದವರು, ಪಾಪ, ಮೆಟ್ಟಿಲ ಮೇಲೂ ಕೆಲಸ ಬಿಡಲ್ಲ ಇವರನ್ನ ಎಂದುಕೊಂಡು ದಾಟಿ ಹೋಗುತ್ತಿದ್ದರು. ಕೆಳಗಿನಿಂದ ಹೆಜ್ಜೆ ಸದ್ದು ಕೇಳಿತು. ಅವನು ದನಿ ಎತ್ತರಿಸಿದ.

"ಹೂಂ ಸಾರ್... ಆಯ್ತು ಸಾರ್... ನಾಳೆ ಬೆಳಿಗ್ಗೆ ನಾನೇ ಬಂದು ನೋಡ್ತೀನಿ ಸಾರ್..."

ಕಿವಿಗೆ ಹಿಡಿದ ಫೋನು ಆಗಲೇ ಗಂಟಲು ಹರಿಯುವಂತೆ ಕೂಗಿಕೊಂಡಿತು.

ಬೆಚ್ಚಿ ಕೆಳಗಿಳಿಸಿದ. ಮಗಳ ಕರೆ. ತಲೆಯೆತ್ತಿದರೆ ನಾಲ್ಕು ಮೆಟ್ಟಿಲು ಕೆಳಗೆ ಬ್ರೆಡ್ಡಿನ ಪೊಟ್ಟಣ ಹಿಡಿದು ಮಗ ನಿಂತಿದ್ದ. ಅವನ ಕಣ್ಣು ಫೋನಿನ ಮೇಲಿಂದ ಅಪ್ಪನ ಮುಖಕ್ಕೆ, ಅಲ್ಲಿಂದ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದ ಕೈಗೆ ಹೋಯಿತು.

"ಎತ್ತಪ್ಪ," ಎಂದ ಮಗ. "ಅಕ್ಕ ಇರ್ಬೇಕು."

ಮಗಳು ಎಲ್ಲಿದೀಯ, ಹೋಟೆಲಿನವರಿಗೆ ಇವತ್ತೇ ಹೇಳಬೇಕು ಎಂದಳು. ಬಂದೆ ಎಂದ ಅಪ್ಪ. ಉಳಿದ ಮಹಡಿಯನ್ನು ಇಬ್ಬರೂ ಹತ್ತಿದರು. ಒಂದೊಂದು ನೆಗೆತಕ್ಕೆ ಮೂರು ಮೆಟ್ಟಿಲು ದಾಟುವ ಹುಡುಗ ಹಿಂದೆಯೇ ಉಳಿದು, ಅಪ್ಪ ಕಾಲಿಟ್ಟ ಮೇಲೆ ಕಾಲಿಡುತ್ತ ಬಂದ. ಅಪ್ಪನಿಗೆ ಬೆನ್ನು ಸುಟ್ಟಂತಾಯಿತು.

ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದೇ ಇತ್ತು. ಒಂದು ತುದಿಯಲ್ಲಿ ಅಮ್ಮ ಬೀನ್ಸಿನ ನಾರು ತೆಗೆಯುತ್ತಿದ್ದಳು.

"ಅಕ್ಕಾ, ಆ ಗುಡ್ಡದ ಕೇರಿ ಬೇಡ ಬಿಡು," ಎಂದ ಮಗ ಒಳಗೆ ಬಂದವನೇ.

"ಏನಂದೆ?"

"ಬೇಡ. ಬರೀ ಜನ, ಬರೀ ಬಿಸಿಲು. ಬೋರು."

"ಒಂದು ವಾರದಿಂದ ಅದೇ ಬೇಕು ಅಂತ ನನ್ನ ತಲೆ ತಿಂದವನು ನೀನೇ ಅಲ್ವೇನೋ? ಫೋಟೋ ಎಲ್ಲಿ ನಿಂತ್ಕೊಂಡು ತೆಗೀಬೇಕು ಅಂತ ಕೂಡ ನೋಡಿಟ್ಟಿದ್ದೆ! ಅಪ್ಪ ಏನು ಕೊಡಿಸ್ತೀನಿ ಅಂತ ಹೇಳಿ ನಿನ್ನ ಬುಟ್ಟಿಗೆ ಹಾಕ್ಕೊಂಡ?"

"ಯಾರೂ ಏನೂ ಕೊಡಿಸಿಲ್ಲ. ನಂಗೆ ಬೇಡ ಅಷ್ಟೆ."

"ಊಸರವಳ್ಳಿ. ನಿನ್ನ ನಂಬಿ ಪ್ಲಾನ್ ಮಾಡಿದ್ನಲ್ಲ, ನನಗೆ ಬುದ್ಧಿ ಇಲ್ಲ."

ಅವಳು ಬೈಯುತ್ತಲೇ ಹೋದಳು. ಒಂದು ಮಾತಿಗೆ ಹತ್ತು ಮಾತು ತಿರುಗಿಸುವ ಹುಡುಗ ಬ್ರೆಡ್ಡಿನ ಪೊಟ್ಟಣದ ಗಂಟು ಬಿಚ್ಚುವುದು, ಮತ್ತೆ ಕಟ್ಟುವುದು ಮಾಡುತ್ತಿದ್ದ. ಅಪ್ಪ ಅದನ್ನು ನೋಡಿದ. ತಾನು ಹೊರಲಾರದ್ದನ್ನು ಇವನ ಹೆಗಲಿಗೆ ದಾಟಿಸಿದ್ದೇನೆ ಅನ್ನಿಸಿ, ಮಂಡಿನೋವಿಗಿಂತ ಅದೇ ದೊಡ್ಡ ನೋವಾಯಿತು.

"ಅವನನ್ನ ಬೈಬೇಡ," ಎಂದ. "ಆ ಜಾಗ ಇರಲಿ. ನೀವಿಬ್ಬರೂ ಹತ್ತಿ. ನಾನು ಕೆಳಗೆ ಕೂತಿರ್ತೀನಿ."

"ಕೆಳಗೆ ಕೂರೋಕೆ ಅಷ್ಟು ದೂರ ಬರ್ತೀಯಾ?"

"ನನ್ನ ಕೈಲಿ ಹತ್ತೋಕಾಗಲ್ಲ ಪುಟ್ಟಿ. ಮಂಡಿ ಹೋಗಿದೆ. ಮನೆ ಮೆಟ್ಟಿಲಿಗೇ ಸಾಕುಸಾಕಾಗತ್ತೆ."

ಬೀನ್ಸಿನ ಮೇಲಿದ್ದ ಅಮ್ಮನ ಕೈ ನಿಂತಿತು. ಮಗಳು ತಮ್ಮನ ಮುಖ ನೋಡಿದಳು, ಅವನು ನೆಲ ನೋಡಿದ. ಮೊದಲೇ ಹೇಳೋಕೆ ನಿಂಗೇನು ದಾಡಿ ಎಂದು ಅವಳು ಈಗ ಗದರುತ್ತಾಳೆ ಎಂದು ಅಪ್ಪ ಕಾದ. ಗದರಲಿ ಎಂದು ಆಸೆಪಟ್ಟ.

ಅವಳು ಗದರಲಿಲ್ಲ. ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡು ಆ ಊರಿನ ನಕ್ಷೆ ತೆರೆದಳು. ಗುಡ್ಡದ ಬುಡಕ್ಕೆ ಬಂದು, ಅಲ್ಲಿಯ ರಸ್ತೆಯ ಚಿತ್ರಗಳನ್ನು ಒಂದೊಂದೇ ಸರಿಸತೊಡಗಿದಳು. ಮುಚ್ಚಿದ ಅಂಗಡಿಯೊಂದು ಬಂತು, ನಿಲ್ಲಿಸಿದ ವ್ಯಾನೊಂದು ಬಂತು, ಕೊಡೆ ಹಿಡಿದ ಯಾರೋ ಹೆಂಗಸು ಹಿಂದಕ್ಕೆ ಹೋದಳು.

"ಇಲ್ಲೊಂದು ಬೆಂಚಿದೆ," ಎಂದಳು ಮೆಲ್ಲಗೆ.

ಮಗ ಎದ್ದು ಬಂದು ಅವಳ ಭುಜದ ಮೇಲಿಂದ ಬಗ್ಗಿ ನೋಡಿದ.

"ಅದಕ್ಕೆ ನೆರಳಿಲ್ಲ. ಇನ್ನೂ ಸ್ವಲ್ಪ ಮುಂದೆ ಹೋಗು."