ಅಳತೆ ಚೀಟಿ

ಭಾವನ ಹಳೆಯ ಎಲೆಕ್ಟ್ರಿಕ್ ಕಾರನ್ನು ಕೊಂಡ ದರ್ಜಿಗೆ ಅವರ ಮಾತು ಗಂಟಲು ಕೆರೆತದ ಸಮೇತ ಬಾಯಿಪಾಠವಾಗಿತ್ತು. "ಹ್ಞಂ, ಬ್ಯಾಟರಿಗೆ ಬಿಸಿಲೇ ಶತ್ರು ಕಣಪ್ಪಾ! ಐದು ವರ್ಷ ನೆರಳಲ್ಲೇ ಸಾಕಿದೀನಿ, ಮಗು ಥರ!" ಎಂದು ಅಣಕಿಸಿ, ಅಂಗಡಿಗೆ ಬಂದವರನ್ನೆಲ್ಲ ನಗಿಸುತ್ತಿದ್ದ. ಭಾವನ ಬಡಾಯಿಯನ್ನು ಅವನು ಪೂರ್ತಿ ನಂಬಿದವನಲ್ಲ. "ನಿಜ ಕಣೋ, ನಾನೇ ದಿನಾ ನೋಡ್ತೀನಲ್ಲ" ಎಂದು ಅಕ್ಕ ಹೇಳಿದ ಮೇಲೆಯೇ ಕೊಂಡಿದ್ದು.

ಬೇಸಿಗೆ ಬಂತು. ಒಮ್ಮೆ ಚಾರ್ಜ್ ಮಾಡಿದರೆ ಇನ್ನೂರು ಕಿಲೋಮೀಟರ್ ಓಡಬೇಕಾದ ಕಾರು ತೊಂಬತ್ತಕ್ಕೇ ಉಸ್ಸೆಂದು, ಉರಿಬಿಸಿಲಿನ ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಅದನ್ನು ಮನೆಗೆ ಎಳೆಸಿ ತಂದ ದರ್ಜಿ, ಬೆವರಿನಲ್ಲಿ ನೆನೆದ ಸೀಟ್ ಕವರುಗಳನ್ನು ಒಗೆಯಲೆಂದು ಮೊದಲ ಸಲ ಬಿಚ್ಚಿದ. ಒಳಗಿನ ಕಪ್ಪು ಬಟ್ಟೆ ಕಿಟಕಿಯ ಕಡೆಗೆಲ್ಲ ಬೂದಿಬಣ್ಣಕ್ಕೆ ತಿರುಗಿತ್ತು, ಉಗುರು ತಾಗಿಸಿದರೆ ನೂಲು ಪುಡಿಯಾಗುತ್ತಿತ್ತು. ಅಂಗಡಿಯ ಗಾಜಿನ ಹಿಂದೆ ಇಪ್ಪತ್ತು ವರ್ಷ ಬಟ್ಟೆ ತೂಗುಹಾಕಿದವನಿಗೆ ಬಿಸಿಲು ತಿಂದ ಬಟ್ಟೆಯ ಗುರುತು ಸಿಗದೆ ಇದ್ದೀತೆ? ಐದು ವರ್ಷ ಈ ಕಾರು ಬಯಲಲ್ಲೇ ಬೆಂದಿತ್ತು.

ಅದನ್ನು ಮುಚ್ಚಿದ ಕವರು ಹೊಲಿದವನೂ ಅವನೇ. ಮಾರುವ ಮುಂಚೆ ಭಾವ ಅಳತೆಯ ಚೀಟಿ ಕಳಿಸಿದ್ದರೇ ಹೊರತು ಕಾರನ್ನು ಅಂಗಡಿಯ ಹತ್ತಿರ ತಂದಿರಲಿಲ್ಲ. ಚೀಟಿಯಲ್ಲಿದ್ದುದು ಯಾರ ಕೈಬರಹವೆಂದು ಈಗ ನೆನಪಾಯಿತು.

ಅಕ್ಕನಿಗೆ ಫೋನ್ ಮಾಡಿದ. "ಅಳತೆ ತೆಗೆದಿದ್ದು ನೀನೇನಾ ಅಕ್ಕಾ?"

"ನೀನೇ ಹೊಲಿದಿದ್ದನ್ನ ನೀನು ಬಿಚ್ಚಿ ನೋಡಲ್ಲ ಅಂದ್ಕೊಂಡೆ ಕಣೋ."

"ನಿಜ ಕಣೋ, ನಾನೇ ದಿನಾ ನೋಡ್ತೀನಲ್ಲ" ಎಂದು ಅವಳದೇ ದನಿಯಲ್ಲಿ ಅಣಕಿಸಿ ಅವನು ಫೋನ್ ಇಟ್ಟ.