ನಾಲೆ ಸೇತುವೆಯ ತಿರುವು

"ಅವನ ಮನಿಗಿ ಹೋಗಬ್ಯಾಡ್ರಿ. ತಪ್ಪಾತು ಅನಬ್ಯಾಡ್ರಿ. ಎದುರಿಗಿ ಸಿಕ್ರೂ ಮಾತಾಡಬ್ಯಾಡ್ರಿ. ಇಷ್ಟೇ ಅಲ್ಲೇನ್ರೀ ನಾ ಹೇಳಿದ್ದು?" ಎಂದು ವಿಮಾ ಏಜೆಂಟ ಯಂಕೋಬ ಕೇಳುತ್ತಿದ್ದಾಗಲೂ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಲೇ ಇತ್ತು.

ಕಟ್ಟೆಯ ಮೇಲೆ ಕುಳಿತಿದ್ದ ಹನುಮಂತ್ರಾಯ ಎಲ್ಲದಕ್ಕೂ ತಲೆಯಾಡಿಸುತ್ತಿದ್ದ. ಆ ಸಪ್ಪಳ ಕೇಳಿದಷ್ಟೂ ಅವನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಗಂಡ ಹೆಂಡತಿ ಇಬ್ಬರೇ ಇರುವ ಮನೆಯಲ್ಲಿ ಇಷ್ಟೊಂದು ರೊಟ್ಟಿ ಯಾರಿಗೆ ಎಂದು ಈ ಮನುಷ್ಯ ಕೇಳಿಬಿಟ್ಟರೆ ಏನು ಗತಿ? ಯಂಕೋಬ ಕೇಳಿಯೇಬಿಟ್ಟ.

"ಬಾಗಲವಾಡಕ್ಕರೀ," ಎಂದು ಜಂಬಮ್ಮ ಒಳಗಿನಿಂದಲೇ ಕೂಗಿ ಹೇಳಿದಳು. "ಕಾಲು ಮುರಕೊಂಡು ಬಿದ್ದಾನಲ್ರೀ ಬೂದೆಪ್ಪ, ಅವನಿಗಿ."

ಯಂಕೋಬ ಹಣೆ ಹಣೆ ಬಡಿದುಕೊಂಡ. ಇಷ್ಟು ಹೇಳಲಿಕ್ಕೆಂದೇ ರಾಯಚೂರಿನಿಂದ ಸಿರವಾರದವರೆಗೆ ಬಸ್ಸಿನಲ್ಲಿ ನಿಂತುಕೊಂಡು ಬಂದಿದ್ದ ಬಡಪಾಯಿ. ಎಂಬತ್ಮೂರರ ಆ ಬೇಸಿಗೆಯಲ್ಲಿ ಬಸ್ಸಿನಲ್ಲಿ ನಿಂತು ಬರುವುದೆಂದರೆ ಸುಮ್ಮನೆ ಮಾತಲ್ಲ.

ಅವನು ಹೇಳುವುದರಲ್ಲಿ ಹುಳುಕೇನೂ ಇರಲಿಲ್ಲ. ಎರಡು ತಿಂಗಳ ಹಿಂದೆ ಹನುಮಂತ್ರಾಯ ತನ್ನ ಮ್ಯಾಟಡಾರ್ ಗಾಡಿ ಹೊಡೆದುಕೊಂಡು ಮಾನ್ವಿಯಿಂದ ಬರುವಾಗ, ನಾಲೆ ಸೇತುವೆಯ ತಿರುವಿನಲ್ಲಿ ಕುರಿ ದಾಟಿಸುತ್ತಿದ್ದ ಬೂದೆಪ್ಪನಿಗೆ ಗುದ್ದಿದ್ದ. ಕುರಿಗಳು ಹೇಗೋ ಉಳಿದವು, ಕುರುಬನ ಕಾಲು ಉಳಿಯಲಿಲ್ಲ. ಪೊಲೀಸರು ಕೇಸು ಬರೆದರು. ಅಲ್ಲಿಯವರೆಗೆ ಹನುಮಂತ್ರಾಯನ ಲೈಸನ್ಸಿನ ಪುಸ್ತಕದಲ್ಲಿ ಒಂದೇ ಒಂದು ಕಲೆ ಇರಲಿಲ್ಲ. ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಅಂಗಿಯ ಒಳಜೇಬಿನಲ್ಲಿಟ್ಟುಕೊಳ್ಳುತ್ತಿದ್ದ. ಚಹಾದಂಗಡಿಯಲ್ಲಿ ಬೇರೆ ಡ್ರೈವರುಗಳು ಸಿಕ್ಕರೆ ಕೊನೆಯ ಹಾಳೆಗಳನ್ನು ಬಿಚ್ಚಿ, "ನೋಡ್ರಲೇ, ಕೂಸಿನ ಮಾರಿ ಇದ್ದಂಗ ಅದ," ಎಂದು ತೋರಿಸುತ್ತಿದ್ದ. ದೇವದುರ್ಗದ ದೊಡ್ಡ ಮಿಲ್ಲಿನವರು ಬೇರೆಯವರನ್ನು ಬಿಟ್ಟು ಇವನಿಗೇ ಅಕ್ಕಿ ಲೋಡು ಕೊಡುತ್ತಿದ್ದುದೂ ಆ ಖಾಲಿ ಹಾಳೆಗಳನ್ನು ನೋಡಿಯೇ.

"ತಪ್ಪು ನಿಮ್ದು ಅಂತ ಮಾನ್ವಿ ಕೋರ್ಟಿನ್ಯಾಗ ಆತು ಅಂದ್ರ ಈ ಹಾಳಿ ಮ್ಯಾಗ ಸಿಕ್ಕಾ ಬೀಳ್ತದ," ಎಂದ ಯಂಕೋಬ. "ಸಾಹೇಬ್ರಿಗೆ ಸಿಟ್ಟು ಬಂದ್ರ ಲೈಸನ್ಸೇ ಬಂದ್ ಮಾಡ್ತಾರ. ಇಷ್ಟು ವರ್ಷ ಅಪಘಾತ ಇಲ್ಲ ಅಂತ ಕಂಪನಿ ರಿಯಾಯಿತಿ ಕೊಟ್ಟಿತ್ತಲ್ಲ, ಅದೂ ಹೋತು. ಸಿಕ್ಕಾ ಬಿದ್ದ ಡ್ರೈವರನ್ನ ಮಿಲ್ಲಿನವ್ರು ಹೊಸ್ತಿಲ ಮ್ಯಾಗೂ ನಿಂದ್ರಸಂಗಿಲ್ಲ."

"ಮತ್ತ ಬೂದೆಪ್ಪಗ?" ಎಂದ ಹನುಮಂತ್ರಾಯ.

"ತಪ್ಪು ನಿಮ್ದಾದ್ರ ಅವನ ಪರಿಹಾರ ನಮ್ಮ ಕಂಪನಿ ತಲಿಗಿ ಬರ್ತದ. ಅವಂದೇ ತಪ್ಪು ಅಂತಾದ್ರ ಯಾರೂ ಏನೂ ಕೊಡೂದಿಲ್ಲ. ಅದು ಅವನ ನಸೀಬು." ಯಂಕೋಬ ಚಪ್ಪಲಿ ಮೆಟ್ಟಿಕೊಂಡು ಒಳಗಿನ ಕಡೆ ಕೈ ಮಾಡಿದ. "ಮೊದ್ಲು ಆ ರೊಟ್ಟಿ ಬಂದ್ ಮಾಡಸ್ರಿ. ತಪ್ಪು ಮಾಡಿದವ್ರೇ ರೊಟ್ಟಿ ಕಳಸ್ತಾರ ಅಂತಾರ ಜನ."

ಅವನು ಹೋದ ಮೇಲೆ ಹನುಮಂತ್ರಾಯ ಒಳಗೆ ನುಗ್ಗಿ ಕೂಗಾಡಿದ. ಜಂಬಮ್ಮ ರೊಟ್ಟಿಗಳ ನಡುವೆ ಶೇಂಗಾ ಹಿಂಡಿ ಇಟ್ಟು ಗಂಟು ಕಟ್ಟುತ್ತಲೇ ಇದ್ದಳು.

"ನೀ ಹೋಗಬ್ಯಾಡ ಅಂದಾರ, ನೀ ಹೋಗಬ್ಯಾಡ," ಎಂದಳು. "ನನಗ್ಯಾರು ಅಂದಾರ? ಕೋಳಿ ನಮ್ಮಕ್ಕನ ಮನೀದು."

ಕೋಳಿಯ ಮಾತು ಬಂದ ಕೂಡಲೇ ಹನುಮಂತ್ರಾಯ ತಣ್ಣಗಾದ. ಆ ಕೋಳಿಯ ಸಂಗತಿ ಗಂಡ ಹೆಂಡತಿಗೆ ಬಿಟ್ಟರೆ ಮೂರನೆಯವರಿಗೆ ಗೊತ್ತಿರಲಿಲ್ಲ. ಮಾನ್ವಿಯಲ್ಲಿ ಜಂಬಮ್ಮನ ಅಕ್ಕ ಕಾಲು ಕಟ್ಟಿ ಕೊಟ್ಟಿದ್ದ ಕೋಳಿ ಅದು. ತಿರುವಿನ ಹತ್ತಿರ ಬರುವಾಗ ದಾರ ಬಿಚ್ಚಿ ಹಾರಿ ಸ್ಟೇರಿಂಗಿನ ಮೇಲೆ ಕುಳಿತಿತ್ತು. ಇವನು ಕೋಳಿಯ ರೆಕ್ಕೆ ಹಿಡಿಯಲು ಹೋದ. ಕಣ್ಣು ರಸ್ತೆಯ ಮೇಲಿರಲಿಲ್ಲ. ಪೊಲೀಸರೆದುರು ಹೇಳದ ಈ ಮಾತನ್ನು ವಕೀಲರೆದುರೂ ನುಂಗಿಕೊಂಡ. ಅವರು ಹೇಳಿಕೊಟ್ಟಂತೆ ಮೊದಲ ತಾರೀಖಿನಂದು "ನಂದೇನೂ ತಪ್ಪಿಲ್ರೀ" ಎಂದು ಬಂದಿದ್ದ. ಅಂದಿನಿಂದ ಜಂಬಮ್ಮನ ರೊಟ್ಟಿ ನಿಂತಿರಲಿಲ್ಲ. ಹೋಗಿ ಬಂದಾಗಲೆಲ್ಲ ಒಂದೊಂದು ಸುದ್ದಿ ತಂದು ಇವನ ಕಿವಿಯಲ್ಲಿ ಸುರಿಯುತ್ತಿದ್ದಳು. ಕಾಲು ಡೊಂಕಾಗಿಯೇ ಕೂಡಿದೆಯಂತೆ. ಕುರಿ ಹಿಂದೆ ನಡೆಯಲಾರನಂತೆ. ಹೆಂಡತಿ ಕರೆಮ್ಮ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ತಾನೇ ಕುರಿ ಕಾಯುತ್ತಾಳಂತೆ. ಇದನ್ನೆಲ್ಲ ಕೇಳಬಾರದೆಂದು ಹನುಮಂತ್ರಾಯ ಎದ್ದು ಹೋಗಿ ಸುಮ್ಮಸುಮ್ಮನೆ ಗಾಡಿ ಒರೆಸುತ್ತಿದ್ದ.

ಸಾಕ್ಷಿಯ ದಿನ ಗಂಡ ಹೆಂಡತಿ ಮ್ಯಾಟಡಾರಿನಲ್ಲೇ ಮಾನ್ವಿಗೆ ಹೋದರು. ಜಂಬಮ್ಮ ಅಂದೂ ಗಂಟು ಬಿಟ್ಟಿರಲಿಲ್ಲ. ಕೋರ್ಟಿನ ಅಂಗಳದ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಒಳಗೆ ಹೋದರೆ, ಯಂಕೋಬ ಆಗಲೇ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ. ಗಂಟು ನೋಡಿ ಮುಖ ತಿರುಗಿಸಿಕೊಂಡ.

ಬೂದೆಪ್ಪನನ್ನು ಕೂಗಿದರು. ಕೋಲೂರಿಕೊಂಡು ಕಟಕಟೆ ಹತ್ತಲು ಅವನು ಪಟ್ಟ ಕಷ್ಟವನ್ನು ಜಡ್ಜ್ ಸಾಹೇಬರೂ ನೋಡಿದರು. ಏನಾಯಿತು ಹೇಳು ಎಂದು ಸರಕಾರಿ ವಕೀಲರು ಕೇಳಿದರು.

"ತಪ್ಪು ನಂದೇ ರೀ," ಎಂದ ಬೂದೆಪ್ಪ. "ಗಾಡಿ ಬರೂದು ಕಾಣ್ತಿತ್ತು. ನಾನೇ ಅವಸರ ಮಾಡಿ ಕುರಿ ಬಿಟ್ಟೆ."

ಸರಕಾರಿ ವಕೀಲರಿಗೆ ಕಾಲ ಕೆಳಗಿನ ನೆಲವೇ ಹೋದಂತಾಯಿತು. ಸಾಹೇಬರು ಕನ್ನಡಕ ಮೇಲೇರಿಸಿದರು. "ಏನಯ್ಯಾ, ಗಾಡಿಯವನು ನೋಡದೆ ಬಂದು ಗುದ್ದಿದ ಅಂತ ಪೊಲೀಸರ ಮುಂದೆ ಹೇಳಿದ್ದೀಯಲ್ಲ?"

"ಹೌದ್ರೀ. ಆವಾಗ ಇವರ ಮನಿ ರೊಟ್ಟಿ ತಿಂದಿರಲಿಲ್ರೀ."

ಕೋರ್ಟಿನಲ್ಲಿ ನಗೆ ಎದ್ದಿತು. ಬೂದೆಪ್ಪನಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. "ಆ ಯವ್ವ ದಿನಾ ಬಿಟ್ಟು ದಿನಾ ಬಂದು ಉಣಿಸ್ಯಾಳ್ರೀ. ಉಂಡ ಬಾಯಿಲೆ ಅವರ ಮ್ಯಾಗ ಹೆಂಗ ಹೇಳ್ಲಿ ಸ್ವಾಮಿ?" ಎಂದು ಕೈ ಮುಗಿದ.

ಯಂಕೋಬನ ಮುಖ ಅರಳಿತು. ಇಷ್ಟು ದಿನ ಬೈದ ರೊಟ್ಟಿಯೇ ಕೇಸು ಗೆದ್ದುಕೊಟ್ಟಿತ್ತು. ಜಂಬಮ್ಮನ ಕಡೆ ತಿರುಗಿ ಶಹಬ್ಬಾಸ್ ಎನ್ನುವಂತೆ ತಲೆಯಾಡಿಸಿದ. ಜಂಬಮ್ಮ ಅವನನ್ನು ನೋಡಲಿಲ್ಲ. ಗಂಟನ್ನು ತೊಡೆಯ ಮೇಲಿಂದ ತೆಗೆದು, ಕದ್ದು ತಂದವಳ ಹಾಗೆ ಬೆಂಚಿನ ಕೆಳಗೆ ಸರಿಸಿದಳು. ಅವಳ ಕಣ್ಣು ತುಂಬಿದ್ದವು.

ಹನುಮಂತ್ರಾಯನಿಗೆ ಆಗ ಆಗಬೇಕಾಗಿದ್ದದ್ದು ಸಂತೋಷ. ಆದದ್ದು ಕೋಪ. ಎಲ್ಲರ ಮೇಲೂ ಕೋಪ. ಮಾತಾಡಬೇಡ ಎಂದವನ ಮೇಲೆ, ಹೇಳಿದ ಮಾತು ಕೇಳದ ಹೆಂಡತಿಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಡೊಂಕು ಕಾಲಿಟ್ಟುಕೊಂಡು ನೆಟ್ಟಗೆ ನಿಂತು ತನ್ನ ಬದುಕು ತಾನೇ ಹಾಳು ಮಾಡಿಕೊಳ್ಳುತ್ತಿದ್ದ ಈ ಹುಚ್ಚನ ಮೇಲೆ. ನಾಲ್ಕು ರೊಟ್ಟಿಗೆ ಕಾಲು ಮಾರಿಕೊಳ್ಳುವವನನ್ನು ಎಲ್ಲಿಯಾದರೂ ಕಂಡಿದ್ದೀರಾ?

"ಲೇ ಬೂದೆಪ್ಪಾ! ಸುಳ್ಳ್ಯಾಕ ಹೇಳ್ತೀಲೇ!" ಎಂದು ಒದರಿಯೇಬಿಟ್ಟ.

"ಸುಮ್ಮನಿರಯ್ಯಾ," ಎಂದು ಅವನ ವಕೀಲರು ತೋಳು ಹಿಡಿದು ಜಗ್ಗಿದರು. ಹನುಮಂತ್ರಾಯ ಕೊಸರಿಕೊಂಡ.

"ಕೋಳಿ ಹಿಡ್ಯಾಕ ಹೋಗಿದ್ದೆ ಸ್ವಾಮಿ. ಕೋಳಿ ಬಿಚಗೊಂಡು ಸ್ಟೇರಿಂಗ್ ಮ್ಯಾಗ ಬಂದಿತ್ತು. ನಾ ರಸ್ತಾ ನೋಡಲಿಲ್ಲ. ಇವ ಆವಾಗ್ಲೇ ಅರ್ಧ ದಾಟಿದ್ದ. ತಪ್ಪು ನಂದು."

"ಮತ್ತೆ ಮೊದಲು ತಪ್ಪಿಲ್ಲ ಅಂದೆಯಲ್ಲ?" ಸಾಹೇಬರು ಪೆನ್ನು ಕೆಳಗಿಟ್ಟರು. "ತಪ್ಪು ಯಾರದು ಅಂತ ನಿರ್ಧಾರ ಮಾಡುವುದು ನನ್ನ ಕೆಲಸ. ಇಲ್ಲಿ ನೀವಿಬ್ಬರೂ ಅದಕ್ಕೆ ಪೈಪೋಟಿ ನಡೆಸಿದ್ದೀರಿ!"

"ಹೆದರಿಕಿಗೆ ಅಂದಿದ್ದೆ ಸ್ವಾಮಿ," ಎಂದ ಹನುಮಂತ್ರಾಯ. ಈ ಸಲ ಯಾರೂ ನಗಲಿಲ್ಲ.

ಸಾಹೇಬರು ಯೋಚಿಸಿ ಮಾತಾಡು ಎಂದು ಎರಡು ಸಲ ಎಚ್ಚರಿಸಿದರು. ಅವನು ಎರಡು ಸಲವೂ ಅದನ್ನೇ ಹೇಳಿದ. ಮಧ್ಯಾಹ್ನದ ಹೊತ್ತಿಗೆ ದಂಡ ಹಾಕಿ, ಆರು ತಿಂಗಳು ಗಾಡಿ ಹೊಡೆಯಬಾರದೆಂದು ಹೇಳಿ, ಲೈಸನ್ಸಿನಲ್ಲಿ ಹಾಗೆಂದು ಬರೆಯಿಸಿದರು. ಗುಮಾಸ್ತ ಪ್ಲಾಸ್ಟಿಕ್ ಹಾಳೆ ಬಿಚ್ಚಿ, ಖಾಲಿ ಪುಟ ಹುಡುಕುವ ಕಷ್ಟವೇ ಇಲ್ಲದೆ ಸಿಕ್ಕಾ ಒತ್ತಿದ. ಶಾಯಿ ಹೆಚ್ಚಾಗಿ ಅಂಚೆಲ್ಲ ಹರಡಿತು. ನೆಟ್ಟಗೆ ಒತ್ತಲಿಕ್ಕೂ ಬರುವುದಿಲ್ಲ ಇವರಿಗೆ ಎಂದು ಹನುಮಂತ್ರಾಯನ ಹೊಟ್ಟೆ ಉರಿಯಿತು. ಲೈಸನ್ಸು ಕೋರ್ಟಿನಲ್ಲೇ ಉಳಿಯಿತು. ಯಂಕೋಬ ಹೋಗುತ್ತೇನೆಂದು ಕೂಡ ಹೇಳದೆ ಹೋಗಿಬಿಟ್ಟಿದ್ದ.

ಹೊರಗೆ ಮ್ಯಾಟಡಾರ್ ಬೇವಿನ ನೆರಳಿನಲ್ಲಿ ನಿಂತಿತ್ತು. ಹನುಮಂತ್ರಾಯ ಅಭ್ಯಾಸಬಲದಿಂದ ಅದರ ಬಾಗಿಲಿಗೆ ಕೈ ಹಾಕಿ, ನೆನಪಾಗಿ ತೆಗೆದ. ಮೂವರೂ ಬಸ್ ಸ್ಟ್ಯಾಂಡಿಗೆ ನಡೆದರು. ಬೂದೆಪ್ಪನ ನಡಿಗೆಗೆ ತಕ್ಕಂತೆ ನಡೆಯಬೇಕಾಗಿದ್ದರಿಂದ ತಡವಾಯಿತು.

"ಕೋಳಿ ಏನಾತು?" ಎಂದು ಬೂದೆಪ್ಪ ಕೇಳಿದ.

"ಅವತ್ತೇ ನಾಲಿ ಕಡಿ ಹಾರಿ ಹೋತು."

"ನನಗ ಯಾರೂ ಹೇಳಲಿಲ್ಲ ನೋಡು," ಎಂದ ಬೂದೆಪ್ಪ. ಸ್ವಲ್ಪ ದೂರ ಹೋದ ಮೇಲೆ, "ಮೊದ್ಲೇ ಹೇಳಿದ್ರ ಆಗ್ತಿತ್ತು," ಎಂದ. ಜಂಬಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

ಸಿರವಾರದ ಬಸ್ಸಿನಲ್ಲಿ ಪುಣ್ಯಕ್ಕೆ ಜಾಗ ಸಿಕ್ಕಿತು. ಬೂದೆಪ್ಪ ಕಿಟಕಿಯ ಪಕ್ಕ ಕುಳಿತು ಮುರಿದ ಕಾಲನ್ನು ಮುಂದಿನ ಸೀಟಿನ ಕೆಳಗೆ ಚಾಚಿದ. ಜಂಬಮ್ಮ ಗಂಟು ಬಿಚ್ಚಿ ಇಬ್ಬರ ಕೈಗೂ ಒಂದೊಂದು ರೊಟ್ಟಿ ಕೊಟ್ಟಳು. ಬೂದೆಪ್ಪ ಮುರಿದು ಬಾಯಿಗಿಟ್ಟ. ಹನುಮಂತ್ರಾಯ ಕೈಯಲ್ಲಿ ಹಿಡಿದುಕೊಂಡೇ ಕುಳಿತ. ಡ್ರೈವರ್ ವಿಪರೀತ ಜೋರಾಗಿ ಹೊಡೆಯುತ್ತಿದ್ದಾನೆ ಎನಿಸಿತು ಅವನಿಗೆ.

ನಾಲೆ ಸೇತುವೆ ಕಂಡಿತು. ತಿರುವಿನಾಚೆ ಯಾರದೋ ಕುರಿಗಳು ಧೂಳೆಬ್ಬಿಸುತ್ತ ರಸ್ತೆ ಹತ್ತುತ್ತಿದ್ದವು. ಬೂದೆಪ್ಪ ಅಗಿಯುವುದನ್ನು ನಿಲ್ಲಿಸಿದ. ಅವನ ಡೊಂಕು ಕಾಲಿನ ಪಕ್ಕದಲ್ಲಿ ಹನುಮಂತ್ರಾಯನ ಬಲಗಾಲು, ಬ್ರೇಕೇನೋ ಎಂಬಂತೆ ಬಸ್ಸಿನ ನೆಲದ ತಗಡನ್ನು ಒತ್ತಿ ಹಿಡಿದಿತ್ತು; ಕೊನೆಯ ಕುರಿ ದಾಟುವವರೆಗೂ ಅವನು ಅದನ್ನು ಎತ್ತಲಿಲ್ಲ.